ತಂಗಿಯ ಸೀಸೆ: ಒಂಬತ್ತನೇ ಕಂತು

"ಒಂಬತ್ತು ದಿನಕ್ಕೊಂದು ಸಲ ಎರಡಾಗ್ತಿದ್ದ ಕೋಶ, ಇದ್ದಕ್ಕಿದ್ದ ಹಾಗೆ ದಿನಕ್ಕೊಂದು ಸಲ ಎರಡಾಗೋಕೆ ಶುರು ಮಾಡ್ತಲ್ಲ, ಯಾಕೆ ಗಾಜಣ್ಣ?"

ನಾನು ಕೇಳಿದ್ದು ಇಷ್ಟೇ. ಗಾಜಣ್ಣನ ಕೈಯಿಂದ ಬಾಟಲಿ ಜಾರಿ ತೊಟ್ಟಿಯ ನೊರೆಯೊಳಗೆ ಬಿತ್ತು. ಒಡೆಯಲಿಲ್ಲ. ಆತ ಅದನ್ನು ಎತ್ತಿ, ಆಗಲೇ ಮೂರು ಸಲ ತೊಳೆದಿದ್ದನ್ನು ನಾಲ್ಕನೇ ಸಲ ತೊಳೆಯತೊಡಗಿದ.

"ನನ್ನ ಕೇಳಿದ್ರೆ ನನಗೇನು ಗೊತ್ತು ಸಾರ್? ನಾನು ಗಾಜು ತೊಳೆಯೋನು."

"ಗಾಜು ತೊಳೆಯೋರು ಬೇಕಾದಷ್ಟು ಜನ ಸಿಗ್ತಾರೆ. ಇಪ್ಪತ್ತೆರಡು ವರ್ಷ ಈ ಕೋಶಗಳಿಗೆ ಊಟ ಹಾಕಿದೋರು ನೀವೊಬ್ರೇ."

ಕ್ಯಾನ್ಸರ್ ಸಂಶೋಧನಾ ಕೇಂದ್ರದ ತೊಳೆಯುವ ಕೋಣೆ ಅದು. ಮಧ್ಯಾಹ್ನ ಮೂರೂವರೆ. ಒಂದು ಮೂಲೆಯಲ್ಲಿ ಹಬೆಯ ಯಂತ್ರ ಬುಸುಗುಡುತ್ತಿತ್ತು. ಗಾಜಣ್ಣ ಇಲ್ಲಿಗೆ ಸೇರಿದ್ದು ಗಾಜಿನ ಸಾಮಾನು ತೊಳೆಯಲು. ಇಲ್ಲಿನ ಹಿರಿಯ ವಿಜ್ಞಾನಿ ಮೇಡಂ ಕೈಕೆಳಗೆ ಕೋಶ ಸಾಕುವುದನ್ನು ಕಲಿತ. ಹೆಸರು ಮಾತ್ರ ಹಳೆಯದೇ ಉಳಿಯಿತು. ಇನ್ನೆರಡು ತಿಂಗಳಿಗೆ ನಿವೃತ್ತಿ.

ಮೇಡಂ ಸತ್ತು ಇವತ್ತಿಗೆ ಹತ್ತು ದಿನ. ಕೋಶಗಳನ್ನು ಹೆಪ್ಪುಗಟ್ಟಿಸಿಡುವ ನೆಲಮಾಳಿಗೆಯ ಟ್ಯಾಂಕ್ ಕೋಣೆಯಲ್ಲಿ ಸೋರಿದ ನೈಟ್ರೋಜನ್ ಒಳಗಿನ ಗಾಳಿಯನ್ನು ಹೊರದೂಡಿ ಅವರ ಉಸಿರು ಕಟ್ಟಿಸಿತು. ಪೊಲೀಸರು ಅಪಘಾತ ಎಂದು ಬರೆದು ಕಡತ ಮುಚ್ಚಿದರು. ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾಗುವವರೆಗೆ ಮೂವತ್ತೊಂದು ವರ್ಷ ಅದೇ ಇಲಾಖೆಯಲ್ಲಿ ಕಡತ ಮುಚ್ಚಿದವನು ನಾನು. ಎಷ್ಟು ಬೇಗ ಮುಚ್ಚುತ್ತಾರೆ ಎಂಬುದು ನನಗೆ ಹೇಳಿಕೊಡಬೇಕಾದ ವಿಷಯವಲ್ಲ.

ಆದರೆ ಆ ಬೆಳಿಗ್ಗೆ ಟ್ಯಾಂಕ್ ಕೋಣೆಯ ರಿಜಿಸ್ಟರಿನಲ್ಲಿ ಮೇಡಂ ತಮ್ಮ ಕೈಯಾರೆ ಬರೆದ ಒಂದು ಸಾಲಿದೆ. "ಗಾಳಿ ಕಡಿಮೆಯಾದರೆ ಕೂಗುವ ಅಲಾರಂ ರಿಪೇರಿಗೆ ಹೋಗಿದೆ. ಅದು ಬರುವವರೆಗೆ ಒಳಗೆ ಹೋಗುವವರು ಬಾಗಿಲು ಮುಚ್ಚದಂತೆ ಸ್ಟೂಲ್ ಅಡ್ಡ ಇಡಿ." ಹೀಗೆ ಬರೆದವರು ತಾವೇ ಸ್ಟೂಲ್ ಇಡದೆ ಒಳಗೆ ಹೋಗುತ್ತಾರೆಯೇ? ಅವರು ಸಿಕ್ಕಿದ್ದು ಮುಚ್ಚಿದ ಬಾಗಿಲಿನ ಹಿಂದೆ. ಯಾರೋ ಸ್ಟೂಲ್ ತೆಗೆದು ಬಾಗಿಲು ಹಾಕಿದ್ದಾರೆ.

ಮೊದಲು ನನ್ನ ಕಣ್ಣು ಬಿದ್ದದ್ದು ನಿರ್ದೇಶಕರ ಮೇಲೆ. ಪ್ರಶ್ನೆ ಕೇಳುವ ಮೊದಲೇ ಉತ್ತರ ಕೊಡುವ ಆಸಾಮಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಆದರೆ ಆ ಹೊತ್ತಿನಲ್ಲಿ ಅವರು ಇನ್ನೂರು ಜನರ ಮುಂದೆ ವೇದಿಕೆಯ ಮೇಲಿದ್ದರು, ಫೋಟೋಗಳಿವೆ. ನನಗೆ ಸ್ವಲ್ಪ ನಿರಾಸೆಯೇ ಆಯಿತು ಎಂದರೆ ಸುಳ್ಳಲ್ಲ.

ಹಾಗಾಗಿ ನಿನ್ನೆಯಿಂದ ಮೇಡಂ ಕೋಣೆಯಲ್ಲಿ ಕೂತು ಅವರ ನೋಟುಪುಸ್ತಕ ಓದುತ್ತಿದ್ದೆ. ಒಟ್ಟು ನಲವತ್ತೊಂದು. ಡಿಎನ್‌ಎ ಎಂದರೆ ನನ್ನ ಪಾಲಿಗೆ ಕೋರ್ಟಿನಲ್ಲಿ ವಕೀಲರು ಕಿತ್ತಾಡುವ ಕಾಗದ. ತಲೆಬುಡ ತಿಳಿಯದೆ ಎರಡು ಪುಸ್ತಕ ಮುಗಿಸಿದೆ. ಮೂರನೆಯದರಲ್ಲಿ ಅಂಕಿಗಳು ಮಾತಾಡತೊಡಗಿದವು.

ಮೇಡಂ ಜೀವಮಾನವಿಡೀ ಮಾಡಿದ್ದು ಒಂದೇ ಕೆಲಸ. ಕ್ಯಾನ್ಸರ್ ಗಡ್ಡೆಯ ಕೋಶ ತೆಗೆದುಕೊಂಡು, ಅದರ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದಿ, ಎಲ್ಲಿ ತಪ್ಪು ಬಿದ್ದಿದೆ ಎಂದು ಹುಡುಕುವುದು. ತಪ್ಪು ಸಿಕ್ಕರೆ ಅದಕ್ಕೆ ತಕ್ಕ ಔಷಧ ಹುಡುಕಬಹುದು. ಅವರು ಇಪ್ಪತ್ತೆರಡು ವರ್ಷ ಓದಿದ ಕೋಶ ಅವರ ಒಡಹುಟ್ಟಿದ ತಂಗಿಯದು. ಆಪರೇಷನ್ ದಿನ ತೆಗೆದ ಗಡ್ಡೆಯ ಚೂರನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ತಂಗಿ ನಾಲ್ಕು ತಿಂಗಳಲ್ಲಿ ತೀರಿಕೊಂಡಳು. ಕೋಶ ಉಳಿಯಿತು. ಲ್ಯಾಬಿನಲ್ಲಿ ಎಲ್ಲರೂ ಅದನ್ನು "ತಂಗಿ" ಎಂದೇ ಕರೆಯುತ್ತಿದ್ದರು. "ತಂಗಿಗೆ ಊಟ ಆಯ್ತಾ?" "ತಂಗಿ ಇವತ್ತು ಹೇಗಿದ್ದಾಳೆ?" ಹೊಸದಾಗಿ ಸೇರಿದವರು ಮೊದಲು ನಗುತ್ತಿದ್ದರಂತೆ. ಆಮೇಲೆ ಅವರೂ ಹಾಗೇ ಕೇಳುತ್ತಿದ್ದರು.

ತಂಗಿಯ ನಾಲ್ಕು ವರ್ಷದ ಮಗಳನ್ನು ಸಾಕಿದ್ದೂ ಮೇಡಂ ಅವರೇ. ಅವಳೇ ಗುಬ್ಬಿ. ನನ್ನನ್ನು ಈ ಕೆಲಸಕ್ಕೆ ಹಚ್ಚಿದವಳು.

"ನಮ್ಮ ದೊಡ್ಡಮ್ಮ ಹಾಲು ಕಾಯಿಸೋಕೂ ಗಡಿಯಾರ ನೋಡೋರು ಅಂಕಲ್," ಎಂದಿದ್ದಳು ಮೊದಲ ದಿನ. "ಅಂಥೋರು ನಿಯಮ ಮುರಿದು ಸತ್ತರು ಅಂದ್ರೆ ನಾನು ನಂಬಲ್ಲ. ಯಾರು ಅಂತ ಹೇಳಿ, ಸಾಕು."

ಗುಬ್ಬಿಗೆ ಈಗ ಇಪ್ಪತ್ತಾರು. ಅಮ್ಮನಿಗೆ ಬಂದ ರೋಗವೇ ಅವಳಿಗೂ ಬಂದಿದೆ, ಈಗಷ್ಟೇ ಶುರು. ಆಪರೇಷನ್ ಮಾಡಿದರೆ ಉಳಿಯುವ ಹಂತ ಎಂದು ವೈದ್ಯರ ಅಭಿಪ್ರಾಯ. ಆದರೆ ದೊಡ್ಡಮ್ಮನ ಸಂಶೋಧನೆಯಿಂದ ಹುಟ್ಟಿದ ಔಷಧದ ಪ್ರಯೋಗ ಶುರುವಾಗಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಗುಬ್ಬಿ ಅದಕ್ಕೆ ಸಹಿ ಹಾಕುತ್ತಾಳೆ. ಸಹಿ ಹಾಕಿದರೆ ಆಪರೇಷನ್ ಆರು ತಿಂಗಳು ಮುಂದಕ್ಕೆ. ಅಷ್ಟರಲ್ಲಿ ಔಷಧ ಕೆಲಸ ಮಾಡದಿದ್ದರೆ ರೋಗ ಕಾಯುತ್ತಾ ಕೂರುವುದಿಲ್ಲ.

"ದೊಡ್ಡಮ್ಮ ನನಗಾಗೇ ಮಾಡಿಟ್ಟ ಹಾಗಿದೆ," ಎನ್ನುತ್ತಾಳೆ. ಹೀಗೆ ಹೇಳುವವಳಿಗೆ ಬೇಡ ಎನ್ನಲು ನನ್ನ ಕೈಯಲ್ಲಿ ಗಟ್ಟಿಯಾದದ್ದೇನಾದರೂ ಇರಬೇಕು.

ಇದ್ದದ್ದು ಒಂದು ಕಾಗದ. ಮೇಡಂ ಡ್ರಾಯರಿನಲ್ಲಿ ಸಿಕ್ಕ, ಹೊರಗಿನ ಪ್ರಯೋಗಾಲಯದ ಗುರುತು ವರದಿ. ಸಾಯುವ ಮೂರು ದಿನ ಮುಂಚೆ ಬಂದದ್ದು. "ಕಳುಹಿಸಿದ ಕೋಶಗಳು ನೀವು ಹೇಳಿದ ವ್ಯಕ್ತಿಯವಲ್ಲ." ಅದರ ಕೆಳಗೇ ಮೇಡಂ ಕೈಬರಹದ ಕರಡು: "ನನ್ನ ಹನ್ನೊಂದು ಪ್ರಬಂಧಗಳನ್ನು ಹಿಂಪಡೆಯುತ್ತಿದ್ದೇನೆ." ಆ ಸಾಲಿನ ಮೇಲೆ ಒಂದು ಗೀಟಿಲ್ಲ, ತಿದ್ದುಪಡಿಯಿಲ್ಲ. ಇಪ್ಪತ್ತೆರಡು ವರ್ಷವನ್ನು ಒಂದೇ ಸಾಲಿನಲ್ಲಿ ಅಳಿಸಿಹಾಕಲು ಎಂಥ ಎದೆ ಬೇಕು! ನಾನು ಆ ಕಾಗದವನ್ನು ಬಹಳ ಹೊತ್ತು ಕೆಳಗಿಡಲಿಲ್ಲ.

ನಿರ್ದೇಶಕರಿಗೆ ಇದನ್ನು ತೋರಿಸಿದಾಗ ಅವರು ನಕ್ಕರು. "ಈಗಿನ ಕೋಶ ಕೆಟ್ಟಿರಬಹುದು. ಹೋದ ವರ್ಷ ಯಾರೋ ಬೆರೆಸಿರಬಹುದು. ಔಷಧ ಹುಡುಕಿದ್ದು ಎಷ್ಟೋ ವರ್ಷ ಹಿಂದೆ, ಆಗ ಸರಿಯಾಗೇ ಇತ್ತು."

ಆದ್ದರಿಂದಲೇ ನನಗೆ ಆ ಮೂರನೇ ನೋಟುಪುಸ್ತಕ ಬೇಕಾಗಿತ್ತು. ಎಡಗಡೆ ಪುಟದಲ್ಲಿ ಕುಂಟುತ್ತಿದ್ದ ತಂಗಿ ಬಲಗಡೆ ಪುಟದಲ್ಲಿ ಓಡುತ್ತಿದ್ದಾಳೆ. ದಿನಾಂಕ ಇಪ್ಪತ್ತೆರಡು ವರ್ಷ ಹಿಂದಿನ ಒಂದು ಶುಕ್ರವಾರದ್ದು. ಔಷಧಕ್ಕೂ, ಮೊದಲ ಪ್ರಬಂಧಕ್ಕೂ ಮೊದಲಿನದು.

"ಆ ಶುಕ್ರವಾರ ಏನಾಯ್ತು ಗಾಜಣ್ಣ?"

ಗಾಜಣ್ಣ ನಲ್ಲಿ ನಿಲ್ಲಿಸಿದ. ಕೈ ಒರೆಸಿಕೊಂಡ. ತಿರುಗಲಿಲ್ಲ.

"ಶುಕ್ರವಾರ ಅಲ್ಲ ಸಾರ್. ಅದಕ್ಕೆ ಮೂರು ವಾರ ಮುಂಚೆ."

ನಾನು ಬಾಯಿ ಮುಚ್ಚಿಕೊಂಡು ಕೂತೆ. ಇಲಾಖೆಯಲ್ಲಿ ನಾನು ಕಲಿತ ಒಂದೇ ಒಳ್ಳೆಯ ವಿದ್ಯೆ ಅದು.

"ರಜಾ ವಾರ. ಮೇಡಂ ಆಸ್ಪತ್ರೆಯಲ್ಲಿ, ತಂಗಿ ಹತ್ರ. ಮಿಕ್ಕೋರೆಲ್ಲ ಊರಿಗೆ ಹೋಗಿದ್ರು. ಎರಡು ಕೋಶಕ್ಕೂ ನಾನೊಬ್ನೇ ಊಟ ಹಾಕ್ಬೇಕಿತ್ತು. ಒಂದು ಮೇಡಂ ತಂಗೀದು. ಇನ್ನೊಂದು ರಾಕ್ಷಸಿ."

"ರಾಕ್ಷಸಿ?"

"ಎಲ್ಲಾ ಲ್ಯಾಬಲ್ಲೂ ಇರುತ್ತೆ ಸಾರ್, ಎಲ್ಲಿಂದಲೋ ಬಂದ ಹಳೇ ಕೋಶ. ಹೆಂಗೆ ಬಿಟ್ರೂ ಬೆಳೆಯುತ್ತೆ. ಅದಕ್ಕೇ ಒಂದು ನಿಯಮ: ಒಬ್ಬೊಬ್ಬರಿಗೆ ಒಂದೊಂದು ಬಾಟಲಿ. ಒಬ್ಬರ ಬಾಟಲಿ ಇನ್ನೊಬ್ಬರಿಗೆ ತಾಗಬಾರದು."

ಬಾಟಲಿ ಎಂದರೆ ಕೋಶಗಳಿಗೆ ಹಾಕುವ ಕೆಂಪು ದ್ರವದ್ದು. ಅದೇ ಅವುಗಳ ಊಟ.

"ತಂಗಿ ಬಾಟಲಿ ಖಾಲಿಯಾಗಿತ್ತು. ಹೊಸದು ಮಾಡೋಕೆ ಉಗ್ರಾಣದ ಕೀಲಿ ಯಾರ ಹತ್ರಾನೂ ಇರ್ಲಿಲ್ಲ. ಮೊದಲೇ ಸೊರಗಿದ್ಲು, ಎರಡು ದಿನ ಉಪವಾಸ ಬಿಟ್ರೆ ಸತ್ತೇ ಹೋಗ್ತಾಳೆ ಅನ್ನಿಸ್ತು. ರಾಕ್ಷಸಿ ಬಾಟಲೀಲಿ ಅರ್ಧ ಉಳಿದಿತ್ತು. ಅದ್ರಿಂದ ಎರಡು ಹನಿ..." ಆತ ಮಾತು ನುಂಗಿದ. "ಹಸಿದ ಮಗುಗೆ ಪಕ್ಕದ ಮನೆ ಹಾಲು ಕೊಟ್ಟಂಗೆ ಅಂದ್ಕೊಂಡೆ ಸಾರ್."

"ಅದರಲ್ಲಿ ರಾಕ್ಷಸಿಯ ಕೋಶ ಇತ್ತು."

"ಒಂದಿದ್ರೂ ಸಾಕು. ಒಂಬತ್ತು ದಿನಕ್ಕೆ ಎರಡಾಗೋದು, ಒಂದು ದಿನಕ್ಕೆ ಎರಡಾಗೋದು, ಎರಡನ್ನೂ ಒಂದೇ ತಟ್ಟೇಲಿ ಬಿಟ್ರೆ ಯಾರು ಉಳೀತಾರೆ ನೀವೇ ಹೇಳಿ."

"ಆಗಲೇ ಯಾಕೆ ಹೇಳ್ಲಿಲ್ಲ?"

ಗಾಜಣ್ಣ ಈಗ ತಿರುಗಿದ. ಮುಖದಲ್ಲಿ ಹಬೆಯೋ ಕಣ್ಣೀರೋ, ಎರಡೂ ಇದ್ದವು.

"ಮೇಡಂ ತಂಗಿ ಹೋಗಿದ್ದು ಮಂಗಳವಾರ. ಮೇಡಂ ಮಣ್ಣು ಮಾಡಿ ಬಂದು, ಶುಕ್ರವಾರ ಸೀದಾ ಮೈಕ್ರೋಸ್ಕೋಪ್ ಮುಂದೆ ಕೂತ್ರು. ತಟ್ಟೆ ತುಂಬಾ ಕೋಶ. ನನ್ನ ಎರಡೂ ಕೈ ಹಿಡ್ಕೊಂಡು, 'ಗಾಜಣ್ಣಾ, ಇವಳು ಹೋಗಿಲ್ಲ ಕಣೋ' ಅಂತ ಅತ್ರು. ಆ ಬಾಯಿಗೆ ನಾನು ಏನಂತ ಮಣ್ಣು ಹಾಕ್ಲಿ ಸಾರ್? ಮೊದಲು ಬರೀ ಅನುಮಾನ. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಅನ್ನೋದು ವಾರ ಆಯ್ತು, ವರ್ಷ ಆಯ್ತು. ಆಮೇಲೆ ಪ್ರಬಂಧ, ಪ್ರಶಸ್ತಿ, ಔಷಧ..."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಬ್ಬ ಹೆಂಗಸು ಇಪ್ಪತ್ತೆರಡು ವರ್ಷ, ಯಾರೆಂದೇ ಗೊತ್ತಿಲ್ಲದವರ ಕೋಶವನ್ನು ತಂಗಿ ಎಂದು ಮಾತಾಡಿಸುತ್ತಿದ್ದಳು. ಪಕ್ಕದಲ್ಲೇ ಒಬ್ಬ, ಇದು ಅವಳಲ್ಲ ಎಂದು ಹೇಳಲಾರದೆ ಅದಕ್ಕೆ ಊಟ ಹಾಕುತ್ತಿದ್ದ. ಇಬ್ಬರಲ್ಲಿ ಯಾರಿಗಾಗಿ ಹೆಚ್ಚು ಮರುಗಬೇಕೋ ನನಗೆ ತಿಳಿಯಲಿಲ್ಲ.

ಆದರೆ ಮರುಗುತ್ತಾ ಕೂರಲು ಹೊತ್ತಿರಲಿಲ್ಲ. ನಾಲ್ಕು ಗಂಟೆಗೆ ಗುಬ್ಬಿ ನನ್ನನ್ನು ನೋಡಲು ಬರುವವಳಿದ್ದಳು.

"ಗಾಜಣ್ಣ, ರಾಕ್ಷಸಿ ಬೆರೆಯೋಕೆ ಮುಂಚೆ ಮೇಡಂ ಒಂದು ಸೀಸೆ ತೆಗೆದಿಟ್ಟಿದ್ರು. ಪುಸ್ತಕದಲ್ಲಿದೆ. ನಿಜವಾದ ತಂಗಿ. ಎರಡನೇ ಟ್ಯಾಂಕಿನ ತಳದಲ್ಲಿ, ನೈಟ್ರೋಜನ್ನಿನ ಚಳಿಯಲ್ಲಿ. ನಾನು ತೆಗೆಸಿ ನೋಡಿದೆ. ಆ ಜಾಗ ಖಾಲಿ."

ಆತ ಒಣಗಿದ ಕೈಯನ್ನೇ ಮತ್ತೆ ಒರೆಸಿಕೊಂಡ.

"ಆ ಸೀಸೇಲಿ ಮೇಡಂ ಹುಡುಕಿದ ತಪ್ಪು ಇಲ್ಲ ಅಂತಾದ್ರೆ, ಔಷಧ ತಂಗೀದಲ್ಲ, ರಾಕ್ಷಸೀದು. ಗುಬ್ಬಿ ರೋಗಕ್ಕೆ ಅದು ಬರೀ ನೀರು. ಇದನ್ನ ತೋರ್ಸೋಕೆ ಈ ಲೋಕದಲ್ಲಿ ಇರೋದು ಅದೊಂದೇ ಸೀಸೆ."

"ಗೊತ್ತು ಸಾರ್."

"ಎಲ್ಲಿದೆ?"

ನಾನು ಜೇಬಿನಿಂದ ಇನ್ನೊಂದು ಕಾಗದ ತೆಗೆದೆ. ಮೂರನೇ ಮಹಡಿಯ ಟ್ಯಾಂಕಿನ ರಿಜಿಸ್ಟರಿನ ನಕಲು. ಯಾರು, ಎಷ್ಟು ಹೊತ್ತಿಗೆ, ಯಾಕೆ ಮುಚ್ಚಳ ತೆಗೆದರು ಎಂದು ಬರೆಯುವ ಪುಸ್ತಕ ಅದು. ಮೇಡಂ ಸತ್ತ ದಿನ, ಒಂದು ಗಂಟೆ ಹತ್ತು ನಿಮಿಷ. ಗಾಜಣ್ಣನ ಸಹಿ. 'ಯಾಕೆ' ಎಂಬ ಜಾಗ ಮಾತ್ರ ಖಾಲಿ.

"ಬೇರೆ ಯಾರಾದ್ರೂ ಆಗಿದ್ರೆ ಏನೂ ಬರೀತಿರ್ಲಿಲ್ಲ," ಎಂದೆ.

"ಕೈ ತಾನಾಗೇ ಬರೀತು ಸಾರ್. ಮೂವತ್ತು ವರ್ಷದ ಅಭ್ಯಾಸ. ಬರೆದಾದ್ಮೇಲೆ ಗೊತ್ತಾಯ್ತು, ಯಾಕೆ ಅಂತ ಬರೆಯೋಕಾಗಲ್ಲ ಅಂತ. ಸುಳ್ಳು ಬರೆಯೋಕೆ ನನಗೆ ಬರಲ್ಲ."

"ಒಂದು ಹತ್ತಕ್ಕೆ ಸೀಸೆ ನಿಮ್ಮ ಕೈಲಿತ್ತು. ಮೇಡಂ ಬಿದ್ದಿದ್ದಾರೆ ಅಂತ ನೀವು ಗೇಟಿಗೆ ಫೋನ್ ಮಾಡಿದ್ದು ಒಂದು ಹದಿನೆಂಟಕ್ಕೆ. ನಡುವೆ ಎಂಟು ನಿಮಿಷ. ಹೇಳಿ."

ಗಾಜಣ್ಣ ಗೋಡೆಗೊರಗಿ ಹಾಗೇ ಕುಸಿದು ನೆಲದ ಮೇಲೆ ಕೂತ. ಒದ್ದೆ ನೆಲ. ನನ್ನ ಮಂಡಿ ಬೇಡ ಬೇಡ ಎಂದರೂ ನಾನೂ ಪಕ್ಕದಲ್ಲಿ ಕೂತೆ.

"ನಾನು ಕೆಳಗಿಳಿದಾಗ ಬಾಗಿಲು ತೆಗೆದೇ ಇತ್ತು. ಸ್ಟೂಲ್ ಅಡ್ಡ ಇತ್ತು. ಮೇಡಂ ಟ್ಯಾಂಕುಗಳ ಹಿಂದೆ ನೆಲದ ಮೇಲೆ ಕೂತಿದ್ರು. ತಲೆ ಸುತ್ತುತ್ತೆ ಅಂದ್ರು. ಕೈಯಲ್ಲಿ ಸೀಸೆ. ಏಳಿ ಮೇಡಂ ಅಂತ ತೋಳು ಹಿಡಿದೆ, ಕೊಡವಿದ್ರು. 'ಇದು ಕರಗಿದ್ರೆ ತಂಗಿ ಎರಡನೇ ಸಲ ಸಾಯ್ತಾಳೆ. ಇಲ್ಲಿನ ಟ್ಯಾಂಕ್ ಸೋರ್ತಿದೆ, ಮೊದಲು ಇವಳನ್ನ ಮೇಲಿನ ಟ್ಯಾಂಕಿಗೆ ಹಾಕು. ಗಾಳಿ ಬರ್ತಿದೆಯಲ್ಲ, ನಾನು ಸುಧಾರಿಸ್ಕೊಂಡು ಬರ್ತೀನಿ' ಅಂದ್ರು."

"ನೀವು ಹೋದ್ರಿ."

"ಇಪ್ಪತ್ತೆರಡು ವರ್ಷ ಹಿಂದೆ ಇವಳನ್ನ ಕೊಂದಿದ್ದು ನಾನು ಸಾರ್. ಈ ಸಲ ಉಳಿಸ್ಕೋ ಅಂತ ಅವರೇ ಕೈಗಿಟ್ರು. ಓಡಿದೆ. ಮೆಟ್ಟಿಲು ಹತ್ತಿ, ಇಟ್ಟು, ಇಳಿದು ಬಂದೆ. ಐದು ನಿಮಿಷ ಆಗಿರ್ಬಹುದು."

"ಬಂದಾಗ?"

"ಬಾಗಿಲು ಹಾಕಿತ್ತು. ಸ್ಟೂಲ್ ಗೋಡೆ ಪಕ್ಕ ನೀಟಾಗಿ ಇಟ್ಟಿತ್ತು."

ಇಷ್ಟು ದಿನ ನಾನು ಹುಡುಕುತ್ತಿದ್ದ ಗಳಿಗೆ ಇದು. ನನ್ನ ಮೈಯೆಲ್ಲ ಕಿವಿಯಾಯಿತು.

"ಎಳೆದು ತೆಗೆದೆ. ಹೊರಗೆ ತಂದು ಮಲಗಿಸಿ ಎದೆ ಒತ್ತಿದೆ, ಉಸಿರು ಊದಿದೆ. ಆಮೇಲೇ ಫೋನ್ ಮಾಡಿದ್ದು. ಅಷ್ಟರಲ್ಲಿ..."

"ಯಾರು ಹಾಕಿದ್ದು ಗಾಜಣ್ಣ?"

"ಗೊತ್ತಿಲ್ಲ."

"ಸುಳ್ಳು ಬರೆಯೋಕೆ ಬರಲ್ಲ ಅಂದ್ರಿ. ಹೇಳೋಕೂ ಬರಲ್ಲ ನಿಮಗೆ."

ಆತ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಮಾತು ಬೆರಳ ಸಂದಿಯಿಂದ ಬಂತು.

"ಬೇಡ ಸಾರ್. ನನ್ನೇ ಹಿಡ್ಕೊಂಡು ಹೋಗಿ. ಹತ್ತು ದಿನದಿಂದ ಅದಕ್ಕೇ ಕಾಯ್ತಿದೀನಿ."

"ಯಾರು?"

"ನಾನು ಮೆಟ್ಟಿಲಿಳಿದು ಬಂದಾಗ ಕಾರಿಡಾರಿನ ಕೊನೇಲಿ ಲಿಫ್ಟ್ ಬಾಗಿಲು ಮುಚ್ಕೊಳ್ತಿತ್ತು. ಒಳಗಿದ್ದೋಳು ನನ್ನ ನೋಡಿ ಕೈ ಬೀಸಿದ್ಲು. ಕೈಯಲ್ಲಿ ಊಟದ ಡಬ್ಬಿ ಇತ್ತು."



ಮೇಡಂ ಆ ಬೆಳಿಗ್ಗೆ ಗುಬ್ಬಿಗೆ ಫೋನ್ ಮಾಡಿದ್ದರು. ಊಟ ತಗೊಂಡು ಬಾ, ಒಂದು ವಿಷಯ ಹೇಳಬೇಕು ಎಂದಿದ್ದರು. ಏನು ವಿಷಯ ಎಂದು ಈಗ ನನಗೆ ಗೊತ್ತು. ಸಹಿ ಹಾಕಬೇಡ ಎಂದು ಹೇಳಲಿಕ್ಕೆ. ಮೇಲೆ ದೊಡ್ಡಮ್ಮನ ಕೋಣೆಯಲ್ಲಿ ಕಾಯುತ್ತಿದ್ದೆ ಎಂದು ಗುಬ್ಬಿ ನನಗೆ ಹೇಳಿದ್ದು ಸುಳ್ಳಲ್ಲ. ಅದಕ್ಕೆ ಮೊದಲು ಕೆಳಗೊಮ್ಮೆ ಇಣುಕಿ ಹೋದದ್ದು ಅವಳಿಗೆ ಹೇಳುವಂಥ ಸಂಗತಿ ಎನಿಸಿಯೇ ಇರಲಿಲ್ಲ.

"ಅವಳು ಈ ಲ್ಯಾಬಲ್ಲೇ ಆಡಿ ಬೆಳೆದೋಳು ಸಾರ್," ಎಂದ ಗಾಜಣ್ಣ. "ಶಾಲೆಯಿಂದ ಸೀದಾ ಇಲ್ಲಿಗೇ ಬರೋಳು. ತೆರೆದ ಬಾಗಿಲು ಕಂಡ್ರೆ ಮುಚ್ಚು, ದಾರಿಗಡ್ಡ ಏನಾದ್ರೂ ಇದ್ರೆ ಗೋಡೆ ಪಕ್ಕ ಇಡು ಅಂತ ಮೇಡಂ ಅವಳಿಗೆ ಹೇಳಿ ಹೇಳಿ ಕಲಿಸಿದ್ರು. ಧೂಳು ಬಂದ್ರೆ ಕೋಶ ಕೆಡುತ್ತಲ್ಲ, ಅದಕ್ಕೆ. ಅಲಾರಂ ರಿಪೇರಿಗೆ ಹೋಗಿರೋದು ಅವಳಿಗೇನು ಗೊತ್ತು? ಟ್ಯಾಂಕುಗಳ ಹಿಂದೆ ಕೂತೋರು ಬಾಗಿಲಿಗೆ ಕಾಣಲ್ಲ. ಅಲ್ಲಿ ಯಂತ್ರದ ಸದ್ದಲ್ಲಿ ಕೂಗಿದ್ರೂ ಕೇಳಲ್ಲ. ಮಗು ತನ್ನ ಪಾಡಿಗೆ ಬಾಗಿಲು ಹಾಕಿ ಹೋಗಿದೆ. ಅವಳಿಗೆ ನೆನಪೂ ಇರಲ್ಲ."

"ಸ್ಟೂಲ್ ವಿಷಯ ಕೇಳಿದ್ರೆ ನೆನಪಾಗುತ್ತೆ."

"ಅದಕ್ಕೇ ಸಾರ್ ಬಾಯಿ ಬಿಡ್ಲಿಲ್ಲ."

ಸೀಸೆ ಮೇಲಿನ ಟ್ಯಾಂಕಿನಲ್ಲಿ ಕ್ಷೇಮವಾಗಿದೆ. ತೆಗೆದು ತೋರಿಸಿದರೆ ಗುಬ್ಬಿ ಬದುಕುತ್ತಾಳೆ. ಆದರೆ ಕಾಣೆಯಾದ ಸೀಸೆ ಹತ್ತು ದಿನದ ಮೇಲೆ ಬೇರೆ ಟ್ಯಾಂಕಿನಲ್ಲಿ ಸಿಕ್ಕಿತು ಎಂದರೆ ನಿರ್ದೇಶಕರು ಮೊದಲು ಕೇಳುವುದೇ, ಯಾರು ತಂದರು, ಯಾವಾಗ ತಂದರು, ಹೇಗೆ ತಂದರು. ಇಲ್ಲಿ ಒಂದು ಸೀಸೆ ಕೈಯಿಂದ ಕೈಗೆ ಹೋದದ್ದಕ್ಕೆಲ್ಲ ಲೆಕ್ಕ ಬೇಕು. ಲೆಕ್ಕವಿಲ್ಲದ ಸೀಸೆ ಕಸಕ್ಕೆ ಸಮ. ಲೆಕ್ಕ ಹೇಳಿದರೆ ಸ್ಟೂಲ್ ಬರುತ್ತದೆ, ಬಾಗಿಲು ಬರುತ್ತದೆ.

ಎಷ್ಟೋ ಮನೆಗಳಿಗೆ ಹೋಗಿ ಕೆಟ್ಟ ಸುದ್ದಿ ಹೇಳಿದವನು ನಾನು. ಸಾಕಿದ ದೊಡ್ಡಮ್ಮನನ್ನು ಕೊಂದದ್ದು ನಿನ್ನದೇ ಕೈ, ಅದೂ ಅವರೇ ಕಲಿಸಿದ ಅಭ್ಯಾಸ ಎಂದು ಹೇಳುವ ಬಾಯಿ ನನಗಿಲ್ಲ. ಸುಮ್ಮನಿದ್ದರೆ ನಾಳೆ ಹತ್ತಕ್ಕೆ ಅವಳ ಸಹಿ.

"ಅಂಕಲ್, ಇಲ್ಲಿದ್ದೀರಾ?"

ಗುಬ್ಬಿ. ನಾಲ್ಕಕ್ಕೆ ಹೇಳಿದ್ದವಳು ಐದು ನಿಮಿಷ ಮುಂಚೆಯೇ ಬಂದಿದ್ದಳು. ಅದೂ ದೊಡ್ಡಮ್ಮ ಕಲಿಸಿದ್ದೇ ಇರಬೇಕು. ಹಬೆ ಹೋಗಲೆಂದು ಕೋಣೆಯ ಬಾಗಿಲಿಗೆ ಬಕೆಟ್ ಅಡ್ಡ ಇಟ್ಟಿದ್ದರು. ಅವಳು ಒಳಗೆ ಬಂದು, ಬಕೆಟನ್ನು ಕಾಲಿನಿಂದ ಗೋಡೆ ಪಕ್ಕಕ್ಕೆ ಸರಿಸಿ, ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಅದನ್ನು ನೋಡಿ ಗಾಜಣ್ಣನ ಬಾಯಿಂದ ಒಂದು ಸದ್ದು ಹೊರಟಿತು, ಮಾತಲ್ಲ.

"ಯಾಕೆ ಇಬ್ಬರೂ ನೆಲದ ಮೇಲೆ ಕೂತಿದೀರಾ?" ಎಂದು ನಗಲು ಹೋದವಳು ನಮ್ಮ ಮುಖ ನೋಡಿ ನಿಂತಳು. "ಗೊತ್ತಾಯ್ತಾ ಅಂಕಲ್? ಯಾರು ಅಂತ?"

ನಾನು ಬಾಯಿ ತೆರೆಯುವ ಮೊದಲೇ ಗಾಜಣ್ಣ ಗೋಡೆ ಹಿಡಿದು ಎದ್ದು ನಿಂತ.

"ಗೊತ್ತಾಯ್ತು ಕಣಮ್ಮ. ನಾನೇ."

"ಏನು ನೀನೇ?"

"ನಿಮ್ಮ ದೊಡ್ಡಮ್ಮನ್ನ ಕೊಂದಿದ್ದು. ಬಾಗಿಲು ಹಾಕಿ ಕೊಂದೆ. ಇನ್ಸ್‌ಪೆಕ್ಟರ್ ಸಾರ್ ಹತ್ರ ಒಪ್ಕೊಂಡಿದೀನಿ."

ಕೊಲೆಗಾರ ಬಚ್ಚಿಟ್ಟ ಸೀಸೆಯನ್ನು ಯಾರೂ ನಂಬುವುದಿಲ್ಲ. ಈ ಮಾತು ಒಪ್ಪಿದರೆ ಅವಳ ಮನಸ್ಸು ಉಳಿಯುತ್ತದೆ, ಜೀವ ಹೋಗುತ್ತದೆ. ಸುಳ್ಳೇ ಬಾರದವನು ಆಡಿದ ಮೊದಲ ಸುಳ್ಳು ಅದು. ಎಷ್ಟು ಚೆನ್ನಾಗಿ ಆಡಿದ!

ಗುಬ್ಬಿ ಅಳಲಿಲ್ಲ, ಕೂಗಲಿಲ್ಲ. ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಲ್ಯಾಬೆಲ್ಲ ಸುತ್ತಿದ ಮುದುಕನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಗಾಜಣ್ಣನಿಗೆ ಸುಳ್ಳು ಹೇಳೋಕೆ ಬರಲ್ಲ ಅಂಕಲ್. ನೀವು ಹೇಳಿ. ಇದು ನಿಜಾನಾ?"